ಈ ಸಲ ಗೊಂಬೆ ಕೂರಿಸಬಹುದಾ ಮೇಡಂ?

ಅವರನ್ನು ಸುಧಾ ಎಂದು ಕರೆಯುತ್ತೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಎರಡನೇ ಭೇಟಿಯಲ್ಲಿ ಪಟ್ಟದ ಗೊಂಬೆಯ ಮಾತು ಬಂತು. ಮೈಸೂರು ಕಡೆ ಮದುವೆಯಲ್ಲಿ ತವರಿನವರು ಕೊಡುವ ಮರದ ರಾಜ-ರಾಣಿ ಜೋಡಿ ಅದು. ಹದಿನೇಳು ನವರಾತ್ರಿ ಅದಕ್ಕೆ ಹೊಸ ಬಟ್ಟೆ ಉಡಿಸಿ ಕೂರಿಸಿದ್ದರು. ಹೋದ ಸಲ ವರ್ಷ ತುಂಬಿರಲಿಲ್ಲ, ಹಬ್ಬವಿರಲಿಲ್ಲ. ಈ ಸಲ ಆ ನೆಪವೂ ಇಲ್ಲ.

"ಆ ಜೋಡಿನ ನೋಡೋಕಾಗಲ್ಲ ಮೇಡಂ. ನೋಡದೆ ಇರೋಕೂ ಆಗಲ್ಲ."

"ದುರ್ಗೆ ಥರ ಗಟ್ಟಿಯಾಗಿರಬೇಕು" ಎಂದು ನೆಂಟರು ಹೇಳುತ್ತಿದ್ದರಂತೆ. ಅರಿಸಿನ-ಕುಂಕುಮಕ್ಕೆ ಕರೆಯುವುದನ್ನು ನಿಲ್ಲಿಸಿದವರೂ ಅವರೇ. ಇಂಥದ್ದು ಕೇಳಿದಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಳುತ್ತಿರುವವಳ ಮೇಲೆ ದುರ್ಗೆಯಾಗುವ ಹೊರೆಯನ್ನೂ ಹೊರಿಸಬೇಕಾ?

ಅಳು ಬಂದರೆ ಅಳಿ ಎಂದೆ. ನಿದ್ದೆಗೆ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆ ಮಾಡುವ ಕೆಲಸವನ್ನು ಪೂಜೆಯಿಂದ ಕೇಳಬಾರದು.

ಆದರೆ ಅವರನ್ನು ಕೊರೆಯುತ್ತಿದ್ದ ಪ್ರಶ್ನೆ ಬೇರೆ. ಇನ್ನು ದೇವಿಯ ಮುಂದೆ ಕೂರಬಹುದಾ? ದೇವೀ ಮಾಹಾತ್ಮ್ಯದ ಪಾರಾಯಣ ಕೇಳುತ್ತಲೇ ಬೆಳೆದವರು ಅವರು. ಅದರಲ್ಲೇ ಹುಡುಕೋಣ ಎಂದೆ. ಮಹಿಷನನ್ನು ಕೊಲ್ಲುವಾಗ ದೇವಿಯ ಪಕ್ಕದಲ್ಲಿ ಗಂಡನಿಲ್ಲ. ಅಸುರ ಶುಂಭ ಮದುವೆಗೆ ಹೇಳಿಕಳಿಸಿದರೆ, ಯುದ್ಧದಲ್ಲಿ ಗೆದ್ದವನೇ ನನ್ನ ಗಂಡ ಅನ್ನುತ್ತಾಳೆ. ಯಾರೂ ಗೆಲ್ಲುವುದಿಲ್ಲ. ದೇವಿಯ ಹತ್ತು ರೂಪಗಳಾದ ದಶಮಹಾವಿದ್ಯೆಯರಲ್ಲಿ ಧೂಮಾವತಿಯಂತೂ ವಿಧವೆಯೇ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರ ನವರಾತ್ರಿಗೆ ಇಬ್ಬರು ವಿಧವೆಯರು ಅರ್ಚಕರಾದದ್ದನ್ನೂ ಹೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. "ನಮ್ಮತ್ತೆ ಒಪ್ಪಲ್ಲ."

ಅತ್ತೆಯನ್ನು ಒಮ್ಮೆ ಕರೆತನ್ನಿ ಎಂದೆ. ಜೋರಿನವರು ಅಂದುಕೊಂಡಿದ್ದೆ, ತಪ್ಪಾಯಿತು. ಅವರೂ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. "ಹಬ್ಬದ ದಿನ ನನ್ನ ಒಳಕೋಣೇಲಿ ಕೂರಿಸ್ತಿದ್ರು ಕಣಮ್ಮ. ಇವಳನ್ನ ಯಾರಾದ್ರೂ ಹಾಗೆ ಮಾಡಿದ್ರೆ ನನ್ನ ಕೈಲಿ ನೋಡೋಕಾಗಲ್ಲ." ಅವರು ಬೇಡ ಅನ್ನುತ್ತಿದ್ದದ್ದು ಈ ಭಯಕ್ಕೆ. ಸುಧಾಗೆ ಇದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದೆ. ಒಂಬತ್ತು ಮೆಟ್ಟಿಲು ಬೇಡ, ಮೂರು ಸಾಕು. ಯಾರನ್ನು ಕರೆಯಬೇಕು ಅನ್ನುವುದನ್ನು ನೀವೇ ಬರೆದುಕೊಳ್ಳಿ. ನೋಯಿಸಿದವರ ಹೆಸರು ಅದರಲ್ಲಿ ಇರಲೇಬೇಕು ಅಂತೇನಿಲ್ಲ. ಕುಂಕುಮದ ಬಟ್ಟಲು ಸುಧಾ ಕೈಯಲ್ಲಿರಲಿ. ತಾವು ಹಚ್ಚಿಕೊಳ್ಳುವುದು ಬಿಡುವುದು ಅವರಿಷ್ಟ. ಯಾರಾದರೂ ಮಾತಾಡಿದರೆ, "ನಮ್ಮನೇಲಿ ಹೀಗೆ" ಅಂದರೆ ಸಾಕು, ವಾದ ಬೇಡ. ಆ ಜೋಡಿ ಈ ವರ್ಷ ಪೆಟ್ಟಿಗೆಯಲ್ಲೇ ಉಳಿದರೂ ಹಬ್ಬ ಹಬ್ಬವೇ.

ದಸರಾ ಕಳೆದು ಸುಧಾ ಬಂದರು. ಏಳು ಜನ ಹೆಂಗಸರು ಬಂದಿದ್ದರಂತೆ. ಅದರಲ್ಲಿ ಮೂವರನ್ನು ಎಷ್ಟೋ ವರ್ಷದಿಂದ ಯಾರೂ ಕರೆದಿರಲಿಲ್ಲ. ಪಟ್ಟದ ಗೊಂಬೆಯನ್ನು ತೆಗೆದು, ಧೂಳು ಒರೆಸಿ ಕೂರಿಸಿದ್ದು ಅತ್ತೆ. ಸುಧಾ ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದು ಬಂದು ಆರತಿ ಎತ್ತಿದರಂತೆ.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಮಾತ್ರೆ ನಡೆಯುತ್ತಿದೆ, ಭೇಟಿಯೂ. ಈಗ ಕೆಲವೊಮ್ಮೆ ಅತ್ತೆಯೂ ಜೊತೆಗೆ ಬರುತ್ತಾರೆ.