ಯುರೇನಿಯಂ ಬೇರ್ಪಡಿಸಲು ಅಮೆರಿಕವು ಬೆಳ್ಳಿಯನ್ನು ಬಳಸಿದ್ದೇಕೆ?

ಎರಡನೇ ಮಹಾಯುದ್ಧದ ಕಾಲದಲ್ಲಿ, ಬೇರ್ಪಡಿಸುವ ಯಂತ್ರಗಳ ವಿದ್ಯುತ್ಕಾಂತದ ಸುರುಳಿಗೆ ಬೇಕಾದ ತಾಮ್ರಕ್ಕೆ ತೀವ್ರ ಅಭಾವವಿತ್ತು, ಅದಕ್ಕಾಗಿ.

ನೈಸರ್ಗಿಕ ಯುರೇನಿಯಂನಲ್ಲಿ ಅಣುಬಾಂಬಿಗೆ ಬೇಕಾದ ಯುರೇನಿಯಂ-235 ಇರುವುದು ಶೇ. 0.7ರಷ್ಟು ಮಾತ್ರ. ಉಳಿದದ್ದು ಬಹುತೇಕ ಯುರೇನಿಯಂ-238. ರಾಸಾಯನಿಕವಾಗಿ ಎರಡೂ ಒಂದೇ. ತೂಕದಲ್ಲಷ್ಟೇ ಕೂದಲೆಳೆಯ ವ್ಯತ್ಯಾಸ. ಅಮೆರಿಕದ ಭೌತವಿಜ್ಞಾನಿ ಅರ್ನೆಸ್ಟ್ ಲಾರೆನ್ಸ್ ರೂಪಿಸಿದ ಕ್ಯಾಲುಟ್ರಾನ್ ಯಂತ್ರವು ಯುರೇನಿಯಂ ಅಯಾನುಗಳನ್ನು (ವಿದ್ಯುದಾವೇಶ ಪಡೆದ ಪರಮಾಣುಗಳನ್ನು) ನಿರ್ವಾತದಲ್ಲಿ, ಕಾಂತಕ್ಷೇತ್ರದ ನಡುವೆ ಹಾಯಿಸುತ್ತಿತ್ತು. ಹಗುರವಾದ 235 ಹೆಚ್ಚು ಬಾಗಿ ಬೇರೆ ಡಬ್ಬಿಗೆ ಬೀಳುತ್ತಿತ್ತು. ತತ್ತ್ವ ಇಷ್ಟು ಸರಳ, ಆದರೆ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ಏರಿಸಿದ್ದೇ ನನಗೆ ನಿಜವಾದ ಅಚ್ಚರಿ.

ಟೆನೆಸ್ಸಿಯ ಓಕ್ ರಿಡ್ಜ್‌ನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಯಂತ್ರಗಳಿದ್ದವು. ಅವುಗಳ ದೈತ್ಯ ವಿದ್ಯುತ್ಕಾಂತಗಳ ಸುರುಳಿಗಾಗಿ ಸರ್ಕಾರಿ ಖಜಾನೆಯಿಂದ 13,000 ಟನ್ನಿಗೂ ಅಧಿಕ ಬೆಳ್ಳಿಯನ್ನು ಕಡ ತರಲಾಯಿತು. ಕೊನೆಯ ಕಂತು ಖಜಾನೆಗೆ ಮರಳಿದ್ದು 1970ರಲ್ಲಿ.