ಕೊಡಗಲ್ಲಿ ಮನೆ ಮಾಡ್ಬೇಕು ಅಂತಿದೀರಾ? ಮೊದ್ಲು ಒಂದು ಮಳೆಗಾಲ ಇದ್ದು ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಕೊಡಗಿನ ಬಗ್ಗೆನೇ ಜಾಸ್ತಿ ಇತ್ತು, ಹಾಗಾಗಿ ಅವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಬ್ಯಾಂಕಿಂದ ರಿಟೈರ್ ಆಗಿದೀನಿ, ಮಕ್ಕಳು ಫಾರಿನ್ನಲ್ಲಿದಾರೆ. ಡಿಸೆಂಬರಲ್ಲಿ ಮಡಿಕೇರಿಗೆ ಹೋಗಿ ಬಂದ್ಮೇಲೆ ನಂಗೂ ನನ್ನ ಹೆಂಡತಿಗೂ ಅಲ್ಲೇ ಇದ್ದುಬಿಡೋಣ ಅನ್ಸಿದೆ. ಫ್ಲಾಟ್ ಮಾರಿ ಬೆಟ್ಟದ ಮೇಲೆ ಒಳ್ಳೆ ವ್ಯೂ ಇರೋ ಅರ್ಧ ಎಕರೆ ತಗೋಬೇಕು ಅಂತಿದೀವಿ. ಬ್ರೋಕರ್ ಬೇಗ ಅಡ್ವಾನ್ಸ್ ಕೊಡಿ ಅಂತ ಅವಸರ ಮಾಡ್ತಿದಾರೆ. ಏನ್ಮಾಡ್ಲಿ ಸರ್?
- ಬೆಂಗಳೂರಿನ ಓದುಗರು

ಉತ್ತರ: ಅಡ್ವಾನ್ಸ್ ಕೊಡ್ಬೇಡಿ ಸರ್, ಫ್ಲಾಟೂ ಮಾರ್ಬೇಡಿ. ಫ್ಲಾಟ್ ಬಾಡಿಗೆಗೆ ಕೊಟ್ಟು ಆ ದುಡ್ಡಲ್ಲಿ ಮಡಿಕೇರಿಲೋ ವಿರಾಜಪೇಟೆಲೋ ಒಂದು ಮನೆ ಬಾಡಿಗೆಗೆ ಹಿಡಿದು ಜೂನಿಂದ ಸೆಪ್ಟೆಂಬರ್ ತನಕ ಅಲ್ಲೇ ಇರಿ. ನೀವು ನೋಡಿರೋದು ಡಿಸೆಂಬರ್, ಅರೇಬಿಕಾ ಹಣ್ಣಾಗಿ ಕೊಯ್ಲು ನಡೀತಿರುತ್ತೆ, ಸುಗ್ಗಿಯ ಪುತ್ತರಿ ಹಬ್ಬದ ಗುಂಗಿರುತ್ತೆ, ಬೆಳಗ್ಗೆ ಮಂಜು ಆಮೇಲೆ ಎಳೆಬಿಸಿಲು, ಅದು ಯಾರಿಗ್ ತಾನೆ ಇಷ್ಟ ಆಗಲ್ಲ ಹೇಳಿ. ಆದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿಯವರು ಕಕ್ಕಡ ಅಂತಾರಲ್ಲ, ಆ ತಿಂಗಳು ಅಲ್ಲಿ ಕಳೀದೆ ಯಾರೂ ಕೊಡಗಲ್ಲಿ ಜಾಗ ತಗೋಬಾರ್ದು ಅನ್ನೋದು ನನ್ನ ಖಡಾಖಂಡಿತ ಮಾತು. ಬಟ್ಟೆ ಒಣಗಲ್ಲ, ಗೋಡೆ ಚಪ್ಪಲಿ ಬ್ಯಾಗು ಎಲ್ಲಕ್ಕೂ ಬೂಷ್ಟು, ಅಂಗಳಕ್ಕಿಳಿದ್ರೆ ಕಾಲಿಗೆ ಜಿಗಣೆ, ಮರ ಬಿದ್ದು ಲೈನ್ ಹರಿದ್ರೆ ಎರಡು ಮೂರು ದಿನ ಕರೆಂಟಿಲ್ಲ, ಆ ಮಳೇಲಿ ಲೈನ್‌ಮನ್‌ಗಳು ಕಂಬ ಹತ್ತೋದು ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. ಇಷ್ಟಾದ್ಮೇಲೂ ನಿಮ್ಮಿಬ್ರಿಗೂ ಊರು ಇಷ್ಟ ಆದ್ರೆ ಧಾರಾಳವಾಗಿ ಮುಂದುವರೀರಿ. ಅಂದಹಾಗೆ ಕಕ್ಕಡ ತಿಂಗಳ 18ನೇ ದಿನ ಪಕ್ಕದ ಮನೆಯವರು ಮದ್ದುಸೊಪ್ಪಿನ ಪಾಯಸ ಕೊಟ್ರೆ ಬೇಡ ಅನ್ಬೇಡಿ, ನೇರಳೆ ಬಣ್ಣ ಇರುತ್ತೆ ಘಮ್ ಅನ್ನುತ್ತೆ, ಆಮೇಲೆ ಮೂತ್ರ ಕೆಂಪಗಾದ್ರೆ ಗಾಬರಿ ಆಗ್ಬೇಡಿ ಅದು ಸೊಪ್ಪಿನ ಬಣ್ಣ.

ಇನ್ನು ವ್ಯೂ ವಿಚಾರ. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡಗುಡ್ಡವೇ ಜಾರಿತು, ಮಾರನೇ ವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ, ಮೂರು ವರ್ಷನೂ ಆಗಸ್ಟಲ್ಲೇ. ತಲೆತಲಾಂತರದಿಂದ ಅಲ್ಲೇ ಬಾಳಿದ ಕುಟುಂಬಗಳೇ ಮನೆ ತೋಟ ಕಳ್ಕೊಂಡ್ವು. ಮಳೆ ಜೋರಿತ್ತು ನಿಜ, ಆದ್ರೆ ರಸ್ತೆಗೆ ಮನೆಗೆ ರೆಸಾರ್ಟಿಗೆ ಅಂತ ಇಳಿಜಾರನ್ನ ಜೆಸಿಬಿಲಿ ಕಡಿದು ಸಮ ಮಾಡಿದ ಕಡೆ ಗುಡ್ಡಕ್ಕೆ ಬುಡದ ಆಸರೆನೇ ಹೋಗುತ್ತೆ, ಸಡಿಲಾದ ಮಣ್ಣೊಳಗೆ ನೀರಿಳಿದು ಭಾರ ಆಗುತ್ತೆ, ಆಮೇಲೆ ಅದು ನಿಲ್ಲಲ್ಲ. ಹಳೇ ಐನ್‌ಮನೆಗಳಿಗೆ, ಅಂದ್ರೆ ಮನೆತನದ ಮೂಲಮನೆಗಳಿಗೆ ಹೋಗಿ ನೋಡಿ, ತುದಿಗೆ ಹೋಗಿ ಕಟ್ಟಿಲ್ಲ, ಮುಂದೆ ಗದ್ದೆ ಹಿಂದೆ ಬಾಣೆ ಅಂದ್ರೆ ಮರಗಿಡ ಇರೋ ಎತ್ತರದ ಜಾಗ, ನೀರು ಹರಿದು ಹೋಗೋಕೆ ಅದರದ್ದೇ ದಾರಿ ಬಿಟ್ಟಿದಾರೆ. ಬ್ರೋಕರ್ ತೋರಿಸಿದ ಜಾಗದಲ್ಲಿ ಮಣ್ಣು ಹೊಸದಾಗಿ ಕಡಿದಿದ್ರೆ ಎಷ್ಟೇ ಚೆಂದ ಕಂಡ್ರೂ ಬಿಟ್ಬಿಡಿ. ಮಳೆಗಾಲದಲ್ಲಿ ಆ ಜಾಗಕ್ಕೆ ಹೋಗಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡಿ, ಮತ್ತೆ ಏಪ್ರಿಲಲ್ಲಿ ಹೋಗಿ ಬಾವೀಲಿ ನೀರಿದ್ಯಾ ನೋಡಿ.

ಪೇಪರ್ ವಿಷ್ಯ. 2020ರ ಭೂಸುಧಾರಣಾ ತಿದ್ದುಪಡಿ ಆದ್ಮೇಲೆ ರೈತರಲ್ಲದವರೂ ಕೃಷಿ ಜಮೀನು ತಗೋಬಹುದು, ಅಲ್ಲಿಗೆ ಎಲ್ಲ ಸುಲಭ ಅಂತ ಬ್ರೋಕರ್‌ಗಳು ಹೇಳ್ತಾರೆ. ಆದ್ರೆ ಕೊಡಗಲ್ಲಿ ಜಮ್ಮಾ ಅಂತ ಒಂದಿದೆ, ಇಡೀ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದಿರೋ ಜಮೀನು. ಪಹಣಿಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನ ಜೊತೆ ಒಕ್ಕದ, ಅಂದ್ರೆ ಆ ಮನೆತನದ ಎಷ್ಟೋ ಜನರ ಹೆಸರಿರುತ್ತೆ, ಕೆಲವರು ಬೆಂಗಳೂರಲ್ಲಿ ಕೆಲವರು ದುಬೈಲಿ ಇರ್ತಾರೆ, ಅವ್ರ ಪಾಲು ಬಿಟ್ಟು ಒಬ್ರು ಬರ್ಕೊಟ್ರೆ ನಾಳೆ ನೀವು ಕೋರ್ಟಲ್ಲಿ. ಬಾಣೆ ಆದ್ರೆ ರಿಡೀಮ್ಡಾ ಅನ್‌ರಿಡೀಮ್ಡಾ ಅಂತಾನೂ ಕೇಳಿ, ಅಂದ್ರೆ ಮರದ ಹಕ್ಕು ಮಾಲೀಕರದ್ದಾ ಸರ್ಕಾರದ್ದಾ ಅಂತ. ಇದಕ್ಕೆ ಬೆಂಗಳೂರಿನ ಲಾಯರ್ ಸಾಲದು, ಅಲ್ಲಿಯ ಕೋರ್ಟಲ್ಲೇ ಪ್ರಾಕ್ಟೀಸ್ ಮಾಡೋರಿಗೆ ತೋರ್ಸಿ.

ಆಮೇಲೆ ವಯಸ್ಸು. ಮಡಿಕೇರಿಲಿ ಸರ್ಕಾರಿ ಮೆಡಿಕಲ್ ಕಾಲೇಜ್ ಇದೆ, ಆದ್ರೂ ದೊಡ್ಡ ಕಾಯಿಲೆ ಅಂದ್ರೆ ಜನ ಮೈಸೂರಿಗೋ ಮಂಗಳೂರಿಗೋ ಹೋಗ್ತಾರೆ, ಮೈಸೂರು ಅಂದ್ರೆ ಸುಮಾರು 120 ಕಿಲೋಮೀಟರ್, ಜಿಲ್ಲೆಗೆ ರೈಲಿಲ್ಲ. ಹಾಗಾಗಿ ಒಂಟಿ ಬೆಟ್ಟ ಬೇಡ, ಊರೊಳಗೆ ಇಲ್ಲಾ ಊರಿಗೆ ತೀರಾ ಹತ್ರ ಇರೋ ಮನೆ ನೋಡಿ. ಮಳೆ ಸ್ವಲ್ಪ ಕಮ್ಮಿ ಇರ್ಲಿ ಅಂದ್ರೆ ಕುಶಾಲನಗರ ನೋಡ್ಬಹುದು.

ಪ್ರಶ್ನೆ: ವರ್ಕ್ ಫ್ರಮ್ ಹೋಮ್ ಮಾಡ್ತೀನಿ. ಸಿದ್ದಾಪುರದ ಹತ್ರ ಎಸ್ಟೇಟ್ ಒಳಗೆ ಕಾಟೇಜ್ ಬಾಡಿಗೆಗೆ ಸಿಗ್ತಿದೆ. ಒಬ್ಳೇ ಇರ್ಬಹುದಾ?
- ಮೈಸೂರಿನ ಓದುಗರು

ಉತ್ತರ: ಇರ್ಬಹುದಮ್ಮ, ಆದ್ರೆ ಆ ಕಡೆ ಆನೆ ಓಡಾಟ ಇದೆ. ಹಲಸಿನ ಕಾಲದಲ್ಲಂತೂ ತೋಟದೊಳಗೇ ಬಂದು ನಿಲ್ತವೆ. ಬೆಳಗ್ಗೆ ಬೇಗ ವಾಕಿಂಗ್ ಹೋಗೋದು, ಕತ್ತಲಾದ್ಮೇಲೆ ಸ್ಕೂಟರಲ್ಲಿ ಬರೋದು ಅಲ್ಲಿ ನಡೆಯಲ್ಲ. ಆನೆ ಎಲ್ಲಿದೆ ಅಂತ ಊರವ್ರು ವಾಟ್ಸಾಪ್ ಗ್ರೂಪಲ್ಲಿ ಹಾಕ್ತಿರ್ತಾರೆ, ತೋಟದ ಕೆಲಸ ನೋಡ್ಕೊಳ್ಳೋ ರೈಟರ್‌ಗೆ ಹೇಳಿ ಮೊದಲ ದಿನಾನೇ ಸೇರ್ಕೊಳ್ಳಿ. ನೆಟ್‌ವರ್ಕ್ ಮಳೆ ಬರ್ತಿರುವಾಗ ಚೆಕ್ ಮಾಡಿ, ಇನ್ವರ್ಟರ್ ಇಲ್ದಿದ್ರೆ ಬೇಡವೇ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಹೊರಗಿನವರು ಜಾಗ ತಗೊಂಡು ಗೇಟ್ ಹಾಕಿ, ನಾವು ಮೊದಲಿಂದ ನಡೀತಿದ್ದ ಕಾಲುದಾರಿ ಬಂದ್ ಮಾಡಿದಾರೆ. ಮನೆಗೆ ವರ್ಷಕ್ಕೆ ಒಂದು ವಾರ ಬರ್ತಾರೆ. ಇವ್ರಿಗೆ ಏನಂತ ಹೇಳೋದು?
- ಸೋಮವಾರಪೇಟೆಯ ಓದುಗರು

ಉತ್ತರ: ನಿಮ್ಮ ನೋವು ನ್ಯಾಯವಾದ್ದು. ಮೊದ್ಲು ಊರ ಹಿರಿಯರು ಇಬ್ರನ್ನ ಕರ್ಕೊಂಡು ಹೋಗಿ ಅವರ ಹತ್ರನೇ ಮಾತಾಡಿ, ಎಷ್ಟೋ ಜನಕ್ಕೆ ಅದು ದಾರಿ ಅಂತಾನೇ ಗೊತ್ತಿರಲ್ಲ. ಕೇಳದಿದ್ರೆ ಸರ್ವೆ ನಕ್ಷೆ ತೆಗೆಸಿ, ಅದ್ರಲ್ಲಿ ದಾರಿ ತೋರ್ಸಿದ್ರೆ ತಹಶೀಲ್ದಾರರಿಗೆ ಅರ್ಜಿ ಕೊಡಿ, ಗ್ರಾಮ ಪಂಚಾಯ್ತಿಗೂ ಒಂದು ಪ್ರತಿ ಕೊಡಿ. ಇನ್ನು ಜಾಗ ತಗೊಳ್ಳೋಕೆ ಹೊರಟಿರೋ ಓದುಗರಿಗೆ ನನ್ನ ವಿನಂತಿ: ನೀವು ಮೆಚ್ಚಿ ಬರ್ತಿರೋ ಆ ಹಸಿರು ತಾನಾಗೇ ಉಳಿದಿದ್ದಲ್ಲ, ದೇವರಕಾಡಿಗೆ ಕೊಡಲಿ ಹಾಕದೆ, ಗದ್ದೆ ಲಾಸ್ ಆದ್ರೂ ಬಿತ್ತಿ, ಕಾಫಿಗೆ ನೆರಳಿನ ಮರ ಬಿಟ್ಟು ಕಾಪಾಡಿಕೊಂಡು ಬಂದವರು ಇವ್ರು. ಅವರು ಓಡಾಡೋ ದಾರಿಗೆ ಬೀಗ ಹಾಕೋದು ದೊಡ್ಡ ತಪ್ಪು. ಗೇಟ್ ಹಾಕಲೇಬೇಕು ಅಂದ್ರೆ ಪಕ್ಕದಲ್ಲಿ ಜನ ನಡೆಯೋಷ್ಟು ಜಾಗ ಬಿಡಿ, ಕೆಲಸಕ್ಕೆ ಊರವ್ರನ್ನೇ ಕರೀರಿ, ಸಾವು ಮದ್ವೆ ಅಂದ್ರೆ ಹೋಗಿ ಬನ್ನಿ.

ಪ್ರಶ್ನೆ: ಸೆಟ್ಲ್ ಆಗೋದೆಲ್ಲ ಇಲ್ಲ, ಬರೀ ನೋಡೋಕೆ ಯಾವಾಗ ಹೋಗೋದು?
- ಹುಬ್ಬಳ್ಳಿಯ ಓದುಗರು

ಉತ್ತರ: ಎಲ್ಲರೂ ಹೋಗೋ ಲಾಂಗ್ ವೀಕೆಂಡ್ ಬಿಟ್ಟು ಮಾರ್ಚಲ್ಲಿ ಹೋಗಿ. ಹೂಮಳೆ ಬಿದ್ದು ಒಂದು ವಾರಕ್ಕೆ ಕಾಫಿ ಹೂ ಬಿಡುತ್ತೆ, ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಥರ ವಾಸನೆ, ಇರೋದು ಕೆಲವೇ ದಿನ, ಹಾಗಾಗಿ ಹೋಂಸ್ಟೇ ಅವರಿಗೆ ಮೊದ್ಲೇ ಫೋನ್ ಮಾಡಿ ಮಳೆ ಬಿತ್ತಾ ಅಂತ ಕೇಳ್ತಾ ಇರಿ. ಮಡಿಕೇರಿಯ ರಾಜಾಸೀಟಲ್ಲಿ ಜನ ಜಾಸ್ತಿ ಅನ್ಸಿದ್ರೆ ಕಕ್ಕಬ್ಬೆ ಕಡೆ ಹೋಗಿ ನಾಲ್ಕುನಾಡು ಅರಮನೆ ನೋಡಿ, ಅಲ್ಲಿಂದಾನೇ ತಡಿಯಂಡಮೋಳ್ ಹತ್ತೋದು, 1748 ಮೀಟರ್, ಜಿಲ್ಲೆಲೇ ಎತ್ತರದ ಬೆಟ್ಟ. ಹತ್ತೋ ಪ್ಲಾನ್ ಇದ್ರೆ ಅರಣ್ಯ ಇಲಾಖೆ ಪರ್ಮಿಷನ್ ಮೊದ್ಲೇ ಮಾಡಿಸ್ಕೊಳ್ಳಿ, ನೀರು ಸ್ಟೀಲ್ ಬಾಟಲಲ್ಲಿ ತಗೊಂಡು ಹೋಗಿ.