ನಮ್ಮ ಚರ್ಚಿನಲ್ಲಿ ಏನೇನು ನಡೆಯುತ್ತದೆ ಎಂದು ಕೇಳಿದಿರಲ್ಲ

ಭಾನುವಾರ ಬೆಳಿಗ್ಗೆ ಒಂದು ಗಂಟೆ ಪ್ರಾರ್ಥನೆ, ಆಮೇಲೆ ಮನೆ, ಇಷ್ಟೇ ತಾನೇ ಎಂದು ಕೇಳಿದ್ದೀರಿ. ಪೂಜೆಯ ಆ ಒಂದು ಗಂಟೆ ನಮಗೆ ಎಲ್ಲಕ್ಕಿಂತ ಮುಖ್ಯವೇ. ಆದರೆ ಅದರ ಹಿಂದೆ ಮುಂದೆ ನಡೆಯುವುದನ್ನು ಬಿಟ್ಟು ಹೇಳಿದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ.

ನಾನು ಕಾಸರಗೋಡು ಕಡೆಯವನು. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿತು. ನಮ್ಮ ಕಡೆಯ ಚರ್ಚುಗಳು ಮಾತ್ರ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಅಂದರೆ ಮಂಗಳೂರಿನ ಬಿಷಪರ ಆಡಳಿತದಲ್ಲೇ ಇವೆ. ಬೆಂಗಳೂರಿಗೆ ಬಂದು ನೆಲೆಸಿದರೂ ನನ್ನ ಭಕ್ತಿಯ ಬೇರು ಆ ಗದ್ದೆ ಬಯಲಿನದೇ. ಆದ್ದರಿಂದ ಮೊಂತಿ ಫೆಸ್ತ್ ಎಂಬ ನಮ್ಮ ಹಬ್ಬದಿಂದಲೇ ಶುರು ಮಾಡುತ್ತೇನೆ.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕ್ಯಾಥೊಲಿಕರಿಗೆ ಅದೇ ತೆನೆ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ದಾಸವಾಳ, ಗೊಂಡೆ, ಏನೂ ಸಿಗದಿದ್ದರೆ ಬೇಲಿಯ ಕಾಡುಹೂವು. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಫಾದರ್ ಆಶೀರ್ವದಿಸುತ್ತಾರೆ, ಮೆರವಣಿಗೆಯಲ್ಲಿ ಅವು ಚರ್ಚಿನ ಒಳಗೆ ಬರುತ್ತವೆ, ಪೂಜೆ ಮುಗಿದ ಮೇಲೆ ಮನೆಮನೆಗೂ ಹಂಚಿಕೆಯಾಗುತ್ತವೆ. ಮಕ್ಕಳ ಕೈಗೆ ಕಬ್ಬಿನ ತುಂಡು. ಮನೆಯಲ್ಲಿ ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಊಟ, ಬರೀ ತರಕಾರಿಯದ್ದು: ಹರಿವೆ ದಂಟು, ಬೆಂಡೆ, ಹೀರೆ, ಅಲಸಂದೆ, ಪತ್ರೊಡೆ. ಮೀನಿಲ್ಲದೆ ತುತ್ತು ಇಳಿಯದ ಮನೆಗಳಲ್ಲೂ ಅಂದು ಮೀನಿಲ್ಲ. ನಮ್ಮ ನೆರೆಯ ಹಿಂದೂ ಮನೆಗಳಲ್ಲೂ ಮಳೆ ಕಡಿಮೆಯಾಗುವ ಹೊತ್ತಿಗೆ ತೆನೆ ತಂದು ಕಂಬಕ್ಕೆ ಕಟ್ಟಿ ಹೊಸಕ್ಕಿ ಊಟ ಮಾಡುತ್ತಾರೆ. ಯಾರು ಯಾರಿಂದ ಕಲಿತರು ಎಂಬ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಬೆಳೆದ ಅನ್ನವನ್ನು ಕೊಟ್ಟವನಿಗೆ ತೋರಿಸದೆ ಉಣ್ಣಬಾರದು ಎಂಬುದು ಎರಡೂ ಅಂಗಳದವರಿಗೆ ಗೊತ್ತಿತ್ತು.

ಊರಿಗೆ ಬರಲಾಗದವರ ಪಾಲನ್ನೂ ತೆಗೆದಿಡುತ್ತಾರೆ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಅಮ್ಮ ನಾಲ್ಕೈದು ಕಾಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿ ಅಂಚೆಯಲ್ಲಿ ಕಳಿಸಿದ್ದರು. ಅಂಚೆ ಮುದ್ರೆಯ ಪೆಟ್ಟಿಗೆ ಒಂದೆರಡು ನುಚ್ಚಾಗಿದ್ದವು. ಶಿಲುಬೆ ಗುರುತು ಹಾಕಿಕೊಂಡು ಹಾಲಿಗೆ ಬೆರೆಸಿ ಕುಡಿದೆ. ಕೊಲ್ಲಿ ದೇಶಗಳಲ್ಲಿ ದುಡಿಯುವವರಿಗೂ ಕಾಳು ಹೀಗೇ ಹೋಗುತ್ತದೆ.

ಇನ್ನು ಬೆಂಗಳೂರು. ನಮ್ಮ ಚರ್ಚಿನಲ್ಲಿ ತಮಿಳು, ಇಂಗ್ಲಿಷ್, ಕನ್ನಡ ಪೂಜೆಗಳು ಬೇರೆ ಬೇರೆ ಹೊತ್ತಿಗೆ ಇರುತ್ತವೆ. ನಾನು ಹೋಗುವುದು ಕನ್ನಡ ಪೂಜೆಗೆ. 1960ರ ದಶಕದಲ್ಲಿ ಜಗತ್ತಿನ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ದಾರಿ ಮಾಡಿಕೊಟ್ಟ ಮೇಲೆ ಲ್ಯಾಟಿನ್‌ನಲ್ಲಿದ್ದ ಪೂಜೆ ಜನರ ಮಾತಿಗೆ ಬಂತು. ಕನ್ನಡದಲ್ಲಿ ಒಂದು ಅರ್ಜಿ ನಮೂನೆಗೂ ಹೋರಾಡಿದ ಗಡಿನಾಡಿನವನಿಗೆ, ಯೇಸು ಕಲಿಸಿದ ಪ್ರಾರ್ಥನೆಯನ್ನು ತುಂಬಿದ ಸಭೆ ಕನ್ನಡದಲ್ಲಿ ಒಕ್ಕೊರಲಿನಿಂದ ಹೇಳುವಾಗ ಗಂಟಲು ಕಟ್ಟುತ್ತದೆ.

ಚರ್ಚಿನ ಆಫೀಸಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಪೂಜೆ ಬರೆಸುವವರು ಕಾಣಿಕೆ ಕೊಟ್ಟು ಹೆಸರು, ಕಾರಣ ಹೇಳುತ್ತಾರೆ. ಆಪರೇಷನ್ ಸುಸೂತ್ರವಾಗಿ ಆದದ್ದಕ್ಕೆ ಕೃತಜ್ಞತೆ. ಮಗಳಿಗೆ ಕೆಲಸ ಸಿಕ್ಕಿದ್ದಕ್ಕೆ ಕೃತಜ್ಞತೆ. ಮದುವೆಯಾಗಿ ಇಪ್ಪತ್ತೈದು ವರ್ಷ. ತೀರಿಕೊಂಡ ತಾಯಿಯ ಆತ್ಮಶಾಂತಿಗೆ. ಪೂಜೆಗೆ ಮುಂಚೆ ಇದನ್ನೆಲ್ಲ ಮೈಕಿನಲ್ಲಿ ಓದುತ್ತಾರೆ. ಆಟೋ ಓಡಿಸುವವರ ಹೆಸರೂ ಕಂಪನಿ ಮ್ಯಾನೇಜರರ ಹೆಸರೂ ಒಂದರ ಹಿಂದೆ ಒಂದು ಬರುತ್ತವೆ. ನಮ್ಮ ಸಭೆಯನ್ನು ಅರಿಯಬೇಕಾದರೆ ಪ್ರಸಂಗಕ್ಕಿಂತ ಮೊದಲು ಈ ಓದನ್ನು ಕೇಳಿ. ದೇವರಿಗೆ ಮನಸ್ಸಿನಲ್ಲೇ ವಂದನೆ ಹೇಳಿದರೆ ಸಾಲದು, ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕು. ಕೇಳಿದವರು ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ, "ಈಗ ಹೇಗಿದ್ದೀರಿ? ನಡೆಯೋಕೆ ಆಗುತ್ತಾ?" ಎಂದು ವಿಚಾರಿಸುತ್ತಾರೆ. ಒಬ್ಬರ ಕಷ್ಟವೂ ಸಂತೋಷವೂ ಅಲ್ಲಿಗೆ ಊರಿನದಾಗುತ್ತದೆ.

ಇಷ್ಟು ದೊಡ್ಡ ಊರಿನಲ್ಲಿ ಇದು ನಡೆಯುವುದು ಬೀದಿ ಲೆಕ್ಕದ ಗುಂಪುಗಳಿಂದ. ಒಂದೊಂದು ಬಡಾವಣೆಯ ಕುಟುಂಬಗಳು ಸೇರಿ ಒಂದು ಕಿರು ಸಮುದಾಯ. ಅಕ್ಟೋಬರಿನಲ್ಲಿ ಸಂಜೆ ಸಂಜೆ ಒಂದೊಂದು ಮನೆಯಲ್ಲಿ ಜಪಸರ (ಮಣಿ ಎಣಿಸುತ್ತ ಮರಿಯಮ್ಮನಿಗೆ ಮಾಡುವ ಪ್ರಾರ್ಥನೆ), ಆಮೇಲೆ ಕಾಫಿ. ಯಾರಾದರೂ ತೀರಿಕೊಂಡರೆ ಮೊದಲ ಫೋನ್ ಹೋಗುವುದು ಈ ಗುಂಪಿನ ಮುಖಂಡರಿಗೆ. ಚರ್ಚಿಗೆ ತಿಳಿಸುವುದು, ಸಮಾಧಿಯ ಏರ್ಪಾಟು, ರಾತ್ರಿಯಿಡೀ ಪ್ರಾರ್ಥನೆ, ಮನೆಯವರಿಗೆ ಊಟ, ಎಲ್ಲಕ್ಕೂ ಜನ ತಾವಾಗಿ ಬರುತ್ತಾರೆ. ತೀರಿಕೊಂಡವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ ನೋಡಿ, ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುವ ಸಂಸಾರಗಳೇ ಎಲ್ಲೆಲ್ಲೂ.

ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಕೆಲಸ ಇನ್ನೊಂದು ಬಗೆಯದು. 1833ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು ಕಟ್ಟಿದ ಸಂಘ ಅದು. ನಮ್ಮಲ್ಲಿ ಅದರ ಸದಸ್ಯರು ಬಡವರ ಮನೆಗೆ ಖುದ್ದಾಗಿ ಹೋಗುತ್ತಾರೆ. ಅಕ್ಕಿ, ಮಾತ್ರೆ, ಮಕ್ಕಳ ಫೀಸು. ಇಲ್ಲಿ ಯಾರ ಹೆಸರನ್ನೂ ಮೈಕಿನಲ್ಲಿ ಹೇಳುವುದಿಲ್ಲ, ಹೇಳಬಾರದು ಕೂಡ.

ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾವನ್ನು ನೀವು ಬಸ್ಸಿನಿಂದ ನೋಡಿರುತ್ತೀರಿ. ಈಗಿನ ಕಟ್ಟಡ 1882ರದು, ಪೋಪ್ ಕೊಡುವ ಬೆಸಿಲಿಕಾ ಎಂಬ ಗೌರವ ಪದವಿ ಸಿಕ್ಕಿದ್ದು 1974ರಲ್ಲಿ. ಅಲ್ಲೂ ಹಬ್ಬ ಸೆಪ್ಟೆಂಬರ್ 8ರಂದೇ. ಕಾವಿ ಬಣ್ಣದ ಬಟ್ಟೆ ತೊಟ್ಟು ಹರಕೆ ಹೊತ್ತವರು ನಡೆದು ಬರುತ್ತಾರೆ, ಸೀರೆಯುಟ್ಟ ಮಾತೆಯ ತೇರು ಸಂಜೆ ಬೀದಿಗೆ ಹೊರಡುತ್ತದೆ. ಕೈಮುಗಿಯುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ ಕಾಣುವುದೂ ಇದನ್ನೇ.

ಪೂಜೆಗೆ ಬರಬಹುದೇ ಎಂದು ಸಂಕೋಚದಿಂದ ಕೇಳಿದಿರಿ. ಖಂಡಿತ ಬನ್ನಿ. ಎಲ್ಲರೂ ಎದ್ದಾಗ ಏಳಿ, ಮೊಣಕಾಲೂರಿದಾಗ ನೀವು ಕುಳಿತೇ ಇರಬಹುದು. ಪರಮಪ್ರಸಾದ ಎಂದರೆ ಯೇಸುವಿನ ದೇಹವೆಂದು ನಾವು ಸ್ವೀಕರಿಸುವ ರೊಟ್ಟಿ; ಅದರ ಸಾಲು ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕರಿಗೆ, ಆಗ ಜಾಗದಲ್ಲೇ ಇರಿ. ಯಾರೂ ತಪ್ಪು ತಿಳಿಯುವುದಿಲ್ಲ. ಅದಕ್ಕೂ ಸ್ವಲ್ಪ ಮುಂಚೆ, ಸಮಾಧಾನ ಹೇಳುವ ಹೊತ್ತಿನಲ್ಲಿ, ಅಕ್ಕಪಕ್ಕದವರು ನಿಮ್ಮ ಕಡೆ ತಿರುಗಿ ಕೈಮುಗಿಯುತ್ತಾರೆ. ನೀವೂ ಮುಗಿಯಿರಿ.